ನಮ್ಮೂರ ಪಿನ್ ಕೋಡ್‌ನ ಒಳಗೆ

ಪ್ರೀತಿಯ ಕೂಸೇ,

ಹಲಸಿನ ಹಪ್ಪಳದ ಪಾರ್ಸೆಲ್ ಸಿಕ್ಕಿತು ಎಂದು ಹಾಸ್ಟೆಲಿನಿಂದ ಫೋನ್ ಮಾಡಿದಾಗ ಒಂದು ಪ್ರಶ್ನೆ ಕೇಳಿದೆಯಲ್ಲ, 'ಆಯೀ, ಕಾರವಾರದ ಪಿನ್ ಕೋಡ್ 581301 ಅವಿಭಾಜ್ಯ ಸಂಖ್ಯೆಯಾ?' ಎಂದು. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು.

ಅವಿಭಾಜ್ಯ ಅಲ್ಲ. ಅಂಕಿಗಳನ್ನು ಕೂಡಿಸು, 18 ಬರುತ್ತದೆ. ಹಾಗಾಗಿ 9ರಿಂದ ಭಾಗ ಹೋಗುತ್ತದೆ. ಈ ಉಪಾಯ ನಿನಗೆ ಗೊತ್ತು. ಯಾಕೆ ಹಾಗೆ ಎಂದರೆ, 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಉಳಿಯುವುದು 1. ಐದು ಲಕ್ಷದಿಂದ 5 ಉಳಿಯುತ್ತದೆ, ಎಂಬತ್ತು ಸಾವಿರದಿಂದ 8. ಉಳಿದದ್ದನ್ನೆಲ್ಲ ಕೂಡಿಸುವುದೇ ಅಂಕಿಗಳನ್ನು ಕೂಡಿಸುವುದು.

9ರಿಂದ ಭಾಗಿಸಿದರೆ 64589. ಅದನ್ನು 7ರಿಂದ ಭಾಗಿಸಿದರೆ 9227. ಅಲ್ಲಿಂದ ಮುಂದೆ 11, 13, 17 ಏನು ಹಾಕಿದರೂ ಶೇಷ ಉಳಿಯಿತು. 97ರ ವರ್ಗ 9409, 9227ಕ್ಕಿಂತ ಜಾಸ್ತಿ. 9227 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಒಂದಾದರೂ 97ಕ್ಕಿಂತ ಚಿಕ್ಕದಿರಲೇಬೇಕು, ಅಲ್ವಾ? 89ರ ತನಕ ನೋಡಿದೆ. ಯಾವುದೂ ಹೋಗಲಿಲ್ಲ. ಅಂದರೆ 9227 ಅವಿಭಾಜ್ಯ. 581301 ಎಂದರೆ 3 × 3 × 7 × 9227.

ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು. 13 = 4 + 9 ಇದ್ದ ಹಾಗೆ, 581301ನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದಾ? ಎರಡು ವರ್ಗಗಳ ಮೊತ್ತವನ್ನು 4ರಿಂದ ಭಾಗಿಸಿದರೆ ಶೇಷ 3 ಮಾತ್ರ ಎಂದೂ ಬರುವುದಿಲ್ಲ; ನಮ್ಮದರ ಶೇಷ 1, ಹಾಗಾಗಿ ಮೇಲ್ನೋಟಕ್ಕೆ ಆಗಬಹುದು ಅನ್ನಿಸುತ್ತದೆ. ಆಗುವುದಿಲ್ಲ. ಒಳಗಿರುವ 7 ಬಿಡುವುದಿಲ್ಲ! ಯಾವ ವರ್ಗವನ್ನೇ 7ರಿಂದ ಭಾಗಿಸು, ಶೇಷ 0, 1, 2, 4 ಇಷ್ಟೇ. ಇವುಗಳಲ್ಲಿ ಎರಡನ್ನು ಕೂಡಿಸಿ 7ರಿಂದ ಭಾಗ ಹೋಗುವಂತೆ ಮಾಡಲು 0 + 0 ಬಿಟ್ಟರೆ ಬೇರೆ ದಾರಿಯಿಲ್ಲ. ಆಗ ಎರಡೂ ವರ್ಗಗಳಲ್ಲಿ 49 ಇರಬೇಕು, ಮೊತ್ತದಲ್ಲೂ 49 ಇರಬೇಕು. ನಮ್ಮದರಲ್ಲಿ ಇರುವುದು ಒಂದೇ 7. ಲಕ್ಷಗಟ್ಟಲೆ ಜೋಡಿಗಳನ್ನು ಹುಡುಕುವ ಕೆಲಸ ನಾಲ್ಕು ಸಾಲಿನಲ್ಲಿ ಮುಗಿಯಿತು ನೋಡು.

1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಶುರುವಾದಾಗ ಅಂಚೆಯವರಿಗೆ ಬೇಕಿದ್ದದ್ದು ಕಾಗದ ವಿಂಗಡಿಸಲು ಒಂದು ದಾರಿ, ಅಷ್ಟೇ. ಈ 7ನ್ನು, ಆ 9227ನ್ನು ಯಾರೂ ಬೇಕೆಂದು ಇಟ್ಟದ್ದಲ್ಲ. ಆದರೂ ಅವು ಅಲ್ಲಿವೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಶಿರಸಿ ಪೇಟೆಯ 581401 ನಿನಗೆ ಬಿಟ್ಟೆ. 2, 3, 4, 5, 6 ಯಾವುದರಿಂದ ಭಾಗಿಸಿದರೂ ಶೇಷ 1. 7ಕ್ಕೆ ಮಾತ್ರ 2. ನೂರರೊಳಗಿನ ಅವಿಭಾಜ್ಯಗಳನ್ನೆಲ್ಲ ಹಾಕಿ ನೋಡಿದೆ, ಒಂದೂ ಹೋಗಲಿಲ್ಲ. 762ರವರೆಗೆ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಮಾಡು, ಏನಾಯಿತೆಂದು ಬರೆ.

ನಿನ್ನ ಆಯಿ