ಆಡುಸೋಗೆ: ಅಳತೆ ಹೇಳದ ಮನೆಮದ್ದು ಬೇಡ

ಮಾನ್ಯರೇ,

ಮಳೆ ಹಿಡಿಯಿತೆಂದರೆ ಪತ್ರಿಕೆಗಳ ಆರೋಗ್ಯ ಪುಟದಲ್ಲೂ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಆಡುಸೋಗೆ ಚಿಗುರುತ್ತದೆ. ‘ಕೆಮ್ಮಿಗೆ ರಾಮಬಾಣ’, ‘ಅಡ್ಡಪರಿಣಾಮವೇ ಇಲ್ಲ’, ‘ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಒಳ್ಳೆಯದು’: ಈ ಮೂರು ಮಾತಿಲ್ಲದ ಬರಹ ಅಪರೂಪ. ಮೊದಲನೆಯದು ಅರ್ಧ ನಿಜ, ಉಳಿದೆರಡು ಸುಳ್ಳು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 2025ರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ ತಾಯಂದಿರು ಬಾಟಲಿ ಬಿಟ್ಟು ಬೇಲಿಯ ಆಡುಸೋಗೆಯ ಕಡೆ ನೋಡುವುದು ಸಹಜ. ನೋಡಲಿ. ಆದರೆ ಎಷ್ಟು ರಸ, ಎಷ್ಟು ದಿನ, ಯಾರಿಗೆ ಕೂಡದು ಎಂಬುದನ್ನೇ ಬಿಟ್ಟು ಬರೆದದ್ದನ್ನು ಮದ್ದಿನ ಬರಹ ಎನ್ನಲಾಗದು.

ಗಿಡದ ಗುರುತಿನಿಂದಲೇ ಶುರು ಮಾಡೋಣ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಸುಳ್ಳು ಮಾಡಿದ ಸೊಪ್ಪು ಇದು. ಕಹಿಗೆ ಆಡೂ ಬಾಯಿ ಹಾಕುವುದಿಲ್ಲ, ದನವೂ ಹಾಕುವುದಿಲ್ಲ. ಅದಕ್ಕೇ ಬೇಲಿಗೆ ನೆಡುತ್ತಾರೆ. ತಮಿಳಿನ ‘ಆಡಾತೊಡೈ’ಗೂ ಅದೇ ಅರ್ಥ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಹೆಸರಿಡುವಾಗ ಆ ದಕ್ಷಿಣದ ಹೆಸರನ್ನೇ ಉಳಿಸಿಕೊಂಡು ‘ಜಸ್ಟೀಸಿಯ ಅಧಟೋಡ’ ಎಂದ. ಆಳೆತ್ತರದ ಪೊದೆ; ಎಲೆ ಎದುರುಬದುರು ಜೋಡಿ, ಗೇಣುದ್ದ, ಎರಡೂ ತುದಿ ಚೂಪು, ಅಂಚಿನಲ್ಲಿ ಹಲ್ಲಿಲ್ಲ. ತೆನೆಯಂಥ ಗೊಂಚಲಿನಲ್ಲಿ ಎರಡು ತುಟಿಯ ಬಿಳಿ ಹೂ, ಕೆಳತುಟಿಯ ಮೇಲೆ ನೇರಳೆ ಗೀರು. ಹೂವಿಲ್ಲದ ಕಾಲದಲ್ಲಿ ಸಂಶಯ ಬಂದರೆ ಕೀಳದಿರುವುದೇ ಲೇಸು. ಕೇರಳದ ವೈದ್ಯರು ಬಳಸುವ ಚಿಟ್ಟಾಡಲೋಡಗಂ ಇದರ ದಾಯಾದಿ, ಎಲೆ ಚಿಕ್ಕದು. ಕೊಡಗಿನವರು ಕಕ್ಕಡ ತಿಂಗಳ ಹದಿನೆಂಟನೇ ದಿನ ಪಾಯಸ ಮಾಡಿ ಉಣ್ಣುವ ಮದ್ದುಸೊಪ್ಪು ಕೂಡ ಇದೇ ಜಸ್ಟೀಸಿಯ ಕುಲದ್ದು. ಅದರ ನೀರು ಗಾಢ ನೇರಳೆ, ಉಂಡ ಮೇಲೆ ಮೂತ್ರವೂ ಕೆಂಪಾಗುತ್ತದೆ. ಅದನ್ನು ಹಬ್ಬದ ಅಡಿಗೆಯಾಗಿ ಉಣ್ಣುತ್ತಾರೆಂದು ಆಡುಸೋಗೆಯನ್ನೂ ತಟ್ಟೆಗೆ ಬಡಿಸಿಕೊಳ್ಳುವಂತಿಲ್ಲ. ಇದು ಚಮಚದಲ್ಲಿ ಅಳೆಯುವ ಸೊಪ್ಪು.

ರಸ ತೆಗೆಯುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಹಸಿ ಎಲೆ ಕುಟ್ಟಿ ಹಿಂಡಿದರೆ ಕೈಗೆ ಹಸಿರು ಹತ್ತುತ್ತದೆಯೇ ಹೊರತು ರಸ ಇಳಿಯುವುದಿಲ್ಲ. ಆಗ ಮಿಕ್ಸಿಗೆ ಒಂದು ಲೋಟ ನೀರು ಸುರಿದು, ಸೋಸಿ, ಆ ಲೋಟವನ್ನೇ ಕುಡಿಸಿಬಿಡುತ್ತಾರೆ. ಅದರಲ್ಲಿ ಮದ್ದೆಷ್ಟು, ನೀರೆಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ. ಇದಕ್ಕೆಂದೇ ಹಿಂದಿನವರು ಪುಟಪಾಕ ಕಂಡುಕೊಂಡದ್ದು: ಎಲೆಯ ಮುದ್ದೆಯನ್ನು ನೇರಳೆ ಇಲ್ಲವೇ ಹರಳೆಲೆಯಲ್ಲಿ ಸುತ್ತಿ, ಮೇಲೆ ದಪ್ಪಗೆ ಮಣ್ಣು ಮೆತ್ತಿ, ಕೆಂಡದಲ್ಲಿ ಮಣ್ಣು ಕೆಂಪಾಗುವವರೆಗೆ ಸುಟ್ಟು, ಬಿಚ್ಚಿ, ಬಿಸಿ ಆರುವ ಮೊದಲೇ ಹಿಂಡುವುದು. ಶಾಖಕ್ಕೆ ಎಲೆಯ ನಾರು ಸಡಿಲವಾಗಿ ರಸ ಬಿಡುತ್ತದೆ. ಇವತ್ತಿನ ಅಡಿಗೆಮನೆಯಲ್ಲಿ ಇಡ್ಲಿ ಪಾತ್ರೆ ಅದೇ ಕೆಲಸ ಮಾಡುತ್ತದೆ. ಕುಡಿ ಬಿಟ್ಟು, ಹಳದಿ ತಿರುಗಿದ್ದನ್ನೂ ಬಿಟ್ಟು, ನಡುವಿನ ಬಲಿತ ಎಲೆಗಳನ್ನು ತೊಳೆದು ಹಬೆಯಲ್ಲಿ ಎಂಟು-ಹತ್ತು ನಿಮಿಷ ಇಡಿ. ಹೊಳಪು ಹೋಗಿ, ಮಂಕು ಹಸಿರಾಗಿ ಜೋತುಬಿದ್ದರೆ ಹದ ಬಂತು. ನೀರು ಸೋಕಿಸದೆ ಒರಳಿನಲ್ಲಿ ಜಜ್ಜಿ, ಬಟ್ಟೆಯಲ್ಲಿ ಹಿಂಡಿ. ದೊಡ್ಡವರಿಗೆ ದಿನದ ಅಳತೆ 10ರಿಂದ 20 ಮಿಲಿಲೀಟರ್, ಎಂದರೆ ಟೀ ಚಮಚದಲ್ಲಿ ಎರಡರಿಂದ ನಾಲ್ಕು, ಎರಡು ಹೊತ್ತಿಗೆ ಹಂಚಿ. ರಸ ತಣಿದ ಮೇಲೆ ಒಂದು ಚಮಚ ಜೇನು. ಊಟದ ನಂತರವೇ ಕೊಡಿ. ಬರೀ ಹೊಟ್ಟೆಗೆ ಬಿದ್ದರೆ ಓಕರಿಕೆ ಬರುವುದುಂಟು. ಅಳತೆ ಮೀರಿದರೆ ವಾಂತಿ, ಭೇದಿ ಎರಡೂ.

ಒಣ ಎಲೆಯಾದರೆ 10 ಗ್ರಾಂಗೆ 160 ಮಿಲಿಲೀಟರ್ ನೀರು, ಅಗಲ ಬಾಯಿಯ ಪಾತ್ರೆ, ಸಣ್ಣ ಉರಿ, ಮುಚ್ಚಳ ಬೇಡ; 40 ಮಿಲಿಲೀಟರಿಗೆ ಇಳಿಸಿ ಸೋಸಿದರೆ ಕಷಾಯ. ಇದೂ ಎರಡು ಹೊತ್ತಿಗೆ. ಅಂದಿನದು ಅಂದಿಗೇ ಮುಗಿಯಬೇಕು. ಎಲೆ ನೆರಳಲ್ಲೇ ಒಣಗಬೇಕು. ಎಲೆಯ ಮುಖ್ಯ ಸತ್ವ ವಾಸಿಸಿನ್ ಗಾಳಿ ತಾಗಿ ವಾಸಿಸಿನೋನ್ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ಎರಡರ ಗುಣವೂ ಒಂದೇ ಅಲ್ಲ. ಡಬ್ಬಿಯಲ್ಲಿ ವರ್ಷಗಟ್ಟಲೆ ಕುಳಿತು ಕಂದಾದ ಪುಡಿಯಿಂದ ಹಸಿ ಎಲೆಯ ಕೆಲಸ ನಿರೀಕ್ಷಿಸಬೇಡಿ.

ಅಂಗಡಿಯ ಪುಡಿಗೆ ಇನ್ನೊಂದು ತಕರಾರಿದೆ. ಉತ್ತರ ಭಾರತದಲ್ಲಿ ಐಲಾಂತಸ್ ಎಂಬ ದೊಡ್ಡ ಮರಕ್ಕೂ ಅಡೂಸಾ, ಅರ್ಡೂಸೊ ಎಂಬ ಹೆಸರಿರುವುದರಿಂದ ಅದರ ಎಲೆ ಇದರ ಹೆಸರಿನಲ್ಲಿ ಬರುತ್ತದೆ. ಇಡೀ ಎಲೆ ಕಂಡರೆ ಮೋಸ ಹೋಗುವಂತಿಲ್ಲ: ಅದರ ಒಂದು ಕಡ್ಡಿಗೆ ಬೇವಿನಂತೆ ಸಾಲು ಎಲೆ, ಅಂಚಿನಲ್ಲಿ ಹಲ್ಲು. ಪುಡಿಯಾದ ಮೇಲೆ ಮಾತ್ರ ಕಣ್ಣಿಗೆ ತಿಳಿಯದು. ಸೂಕ್ಷ್ಮದರ್ಶಕದಲ್ಲಿ ಆಡುಸೋಗೆಯ ಎಲೆಪುಡಿಯಲ್ಲಿ ಸುಣ್ಣದ ಹರಳಿನ ಗಂಟುಗಳು ಕಾಣುತ್ತವೆ, ಐಲಾಂತಸ್‌ನಲ್ಲಿ ಅವಿಲ್ಲ. ಮನೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡವರು ಯಾರು? ಆಡುಸೋಗೆಯೋ ಒಂದು ಗೇಣಿನ, ಮೂರು ಗೆಣ್ಣಿನ ಕಡ್ಡಿ ಮಳೆಗಾಲದಲ್ಲಿ ಊರಿದರೆ ಬದುಕುವ ಗಿಡ, ಕುಂಡದಲ್ಲೂ ಬರುತ್ತದೆ. ಬೆಳೆದುಕೊಳ್ಳುವುದೇ ಸರಿ. ಬೇಲಿಯಿಂದ ಕೀಳುವುದಾದರೆ ಅದು ಯಾರ ಬೇಲಿ ಎಂದು ನೋಡಿ. ಅಡಿಕೆ ತೋಟಕ್ಕೆ ಮೈಲುತುತ್ತು ಬೆರೆತ ಬೋರ್ಡೋ ದ್ರಾವಣ ಹೊಡೆಯುವುದು ಕೆಮ್ಮು ಜೋರಾಗುವ ಮಳೆಗಾಲದಲ್ಲೇ. ಪಕ್ಕದ ಎಲೆ ಮೇಲಿನ ನೀಲಿ ಕಲೆ ಮೈಲುತುತ್ತಿನದು.

ಇದು ಕೆಲಸ ಮಾಡುತ್ತದೆಯೇ? ಮಾಡುತ್ತದೆ, ಗಟ್ಟಿ ಕಫದ ಕೆಮ್ಮಿಗೆ. ವಾಸಿಸಿನ್ ಅನ್ನು ಎಲೆಯಿಂದ ಬೇರ್ಪಡಿಸಿದ್ದು 1888ರಲ್ಲಿ. ಅದರ ರಚನೆಯ ಎಳೆ ಹಿಡಿದು ತಯಾರಾದ, ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ 1960ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ದೇಹದೊಳಗೆ ಅದು ಆಂಬ್ರಾಕ್ಸಾಲ್ ಆಗುತ್ತದೆ. ಇವತ್ತು ಕೆಮ್ಮಿನ ಸಿರಪ್ಪಿನ ಚೀಟಿಯಲ್ಲಿ ಈ ಎರಡರಲ್ಲೊಂದು ಹೆಸರು ಕಾಣುವುದು ಮಾಮೂಲು. ಬಾಟಲಿ ಬಿಟ್ಟು ಬೇಲಿಗೆ ಬಂದವರು ಒಂದರ್ಥದಲ್ಲಿ ಬಾಟಲಿಯ ತವರಿಗೇ ಬಂದಿದ್ದಾರೆ. ಆದ್ದರಿಂದ ಆ ಸಿರಪ್ ಕುಡಿಯುತ್ತಿರುವಾಗ ಆಡುಸೋಗೆಯನ್ನೂ ಸೇರಿಸಬೇಡಿ. ಕೆಮ್ಮು ತಡೆಯುವ ಡೆಕ್ಸ್ಟ್ರೋಮೆಥಾರ್ಫಾನ್ ಅಥವಾ ಕೊಡೀನ್ ಜೊತೆಗಂತೂ ಬೇಡವೇ ಬೇಡ: ಒಂದು ಕಫವನ್ನು ನೀರಾಗಿಸುತ್ತದೆ, ಇನ್ನೊಂದು ಅದನ್ನು ಹೊರಹಾಕುವ ಕೆಮ್ಮನ್ನೇ ಕಟ್ಟಿಹಾಕುತ್ತದೆ, ಕಫ ಎದೆಯಲ್ಲೇ ಉಳಿಯುತ್ತದೆ. ಬಿಪಿಗೆ ಎನಾಲಾಪ್ರಿಲ್, ರಾಮಿಪ್ರಿಲ್ ನುಂಗುವವರಲ್ಲಿ ಕೆಲವರಿಗೆ ಬರುವ ಒಣಕೆಮ್ಮಿಗೆ, ಹುಳಿತೇಗಿನಿಂದ ರಾತ್ರಿ ಬರುವ ಕೆಮ್ಮಿಗೆ ಆಡುಸೋಗೆಯಿಂದ ಏನೂ ಆಗದು. ಮೊದಲನೆಯದಕ್ಕೆ ವೈದ್ಯರನ್ನು ಕೇಳಿ ಮಾತ್ರೆ ಬದಲಿಸಬೇಕು, ಎರಡನೆಯದಕ್ಕೆ ಹೊಟ್ಟೆ ನೋಡಿಕೊಳ್ಳಬೇಕು.

ಬರಹಗಳು ನುಂಗಿಹಾಕುವ ಮಾತು ಗರ್ಭಿಣಿಯರದ್ದು. ವಾಸಿಸಿನ್ ಗರ್ಭಕೋಶವನ್ನು ಹಿಂಡುವ ವಸ್ತು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯ 1970ರ ದಶಕದಲ್ಲೇ ಇದನ್ನು ಹೆರಿಗೆಯ ನೋವು ಬರಿಸುವ, ಗರ್ಭ ಇಳಿಸುವ ಮದ್ದಾಗಬಲ್ಲದೇ ಎಂದು ಪರೀಕ್ಷಿಸಿತ್ತು. ಅಂಥದ್ದನ್ನು ‘ಎಲ್ಲರಿಗೂ ಒಳ್ಳೆಯದು’ ಎಂದು ಅಚ್ಚುಹಾಕುವುದು ಹೇಗೆ? ಬಸುರಿ ಇರಬಹುದೆಂಬ ಅನುಮಾನವಿದ್ದರೂ ರಸ, ಕಷಾಯ, ಇದರಿಂದಲೇ ಮಾಡಿದ ಅಂಗಡಿಯ ವಾಸಾವಲೇಹ, ವಾಸಾರಿಷ್ಟ ಯಾವುದೂ ಕೂಡದು. ಐದು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಹೇಳದೆ ಕೊಡಬೇಡಿ. ವರ್ಷ ತುಂಬದ ಕೂಸಿಗೆ ಜೇನೂ ಬೇಡ, ಬಾಟುಲಿಸಂ ಎಂಬ ವಿಷಬಾಧೆಯ ಭಯವಿದೆ.

‘ವಾಸಾ (ಆಡುಸೋಗೆ) ಇರುವಾಗ, ಬದುಕುವ ಆಸೆಯೂ ಇರುವಾಗ, ಕ್ಷಯದವನು ಏಕೆ ಕೊರಗಬೇಕು’ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಪ್ರತಿ ಬರಹಗಾರರೂ ಎತ್ತಿಕೊಳ್ಳುತ್ತಾರೆ. ಕ್ಷಯದ ರೋಗಾಣುವನ್ನು ಜರ್ಮನಿಯ ವೈದ್ಯ ಕೋಖ್ ಗುರುತಿಸಿದ್ದು 1882ರಲ್ಲಿ. ಶ್ಲೋಕ ಅದಕ್ಕಿಂತ ಎಷ್ಟೋ ಹಳೆಯದು. ಕಫ ಸಲೀಸಾಗಿ ಹೊರಬಂದರೆ ರೋಗಿಗೆ ಹಾಯೆನಿಸುತ್ತದೆ, ಅಷ್ಟರಲ್ಲಿ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ. ಆಡುಸೋಗೆ ಐದು ದಿನ, ಹೆಚ್ಚೆಂದರೆ ಒಂದು ವಾರ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ, ಮಾತ್ರೆಯೂ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ ತಪ್ಪಿಸುವಂತಿಲ್ಲ. ಕಫದಲ್ಲಿ ರಕ್ತ ಕಂಡರೆ ಎರಡು ವಾರವೂ ಕಾಯಬೇಡಿ, ಅಂದೇ ಹೋಗಿ.

ನಿಮ್ಮ ಆರೋಗ್ಯ ಪುಟಕ್ಕೆ ಬರುವ ಮನೆಮದ್ದಿನ ಬರಹಗಳಲ್ಲಿ ಗಿಡದ ಯಾವ ಭಾಗ, ಎಷ್ಟು ಮಿಲಿಲೀಟರ್ ಅಥವಾ ಗ್ರಾಂ, ಎಷ್ಟು ದಿನ, ಯಾರಿಗೆ ಕೂಡದು ಎಂಬ ನಾಲ್ಕು ಸಾಲು ಇಲ್ಲದಿದ್ದರೆ ಬರೆದವರಿಗೇ ವಾಪಸು ಕಳಿಸಬೇಕೆಂದು ಕೋರಿಕೆ. ಜಾಗ ಸಾಲದಿದ್ದರೆ ಶ್ಲೋಕ ತೆಗೆಯಿರಿ.

ಇಂತಿ,
ಒಬ್ಬ ಆಯುರ್ವೇದ ವೈದ್ಯ, ಶಿರಸಿ