ನಿನ್ನ ಕಾಗದದ ಆ ಒಂದು ಸಾಲು

ತೀರ್ಥಹಳ್ಳಿ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಪರೀಕ್ಷೆ, ರೂಮು, ಊಟದ ವಿಚಾರ ಎಲ್ಲ ನಿನ್ನ ಅಮ್ಮ ಹೇಳಿದ್ದಾಳೆ, ಅದು ಇರಲಿ. ಕೊನೆಯಲ್ಲಿ ಬರೆದಿದ್ದೀಯಲ್ಲ, "ದೊಡ್ಡಮ್ಮ, ನನ್ನ ಮೆದುಳಿನ ಕಟ್ಟೋಣವೇ ಹೀಗಂತೆ, ಇನ್ನು ಏನು ಮಾಡಿದರೂ ಅಷ್ಟೇ" ಅಂತ. ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ. ಹಿಡಿದ ಮಳೆ ಬಿಟ್ಟಿಲ್ಲ, ಕರೆಂಟೂ ಇಲ್ಲ. ಲಾಟೀನು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಡಾಕ್ಟರು ಎಡಿಎಚ್‌ಡಿ ಅಂದಿದ್ದಕ್ಕೆ ನನಗೆ ಗಾಬರಿ ಆಗಲಿಲ್ಲ. ಗಮನ ಒಂದು ಕಡೆ ನಿಲ್ಲದ, ಹಿಡಿದ ಕೆಲಸ ಮುಗಿಯದ ನಿನ್ನ ತೊಂದರೆಗೆ ಒಂದು ಹೆಸರು ಸಿಕ್ಕಿತಲ್ಲ, ಒಳ್ಳೆಯದೇ ಆಯಿತು ಅನ್ನಿಸಿತು. ಗಾಬರಿ ಆಗಿದ್ದು ಆ 'ಅಷ್ಟೇ' ಓದಿ.

ಮೂವತ್ತು ವರ್ಷ ಬೋರ್ಡಿನ ಮೇಲೆ ಮೆದುಳಿನ ಚಿತ್ರ ಬರೆದವಳು ನಾನು. ಹಣೆಯ ಹಿಂದಿನ ಭಾಗಕ್ಕೆ ಒಂದು ಬಾಣ ಎಳೆದು 'ಯೋಚನೆ, ತೀರ್ಮಾನ' ಅಂತ ಬರೆದು ಮುಂದಕ್ಕೆ ಹೋಗುತ್ತಿದ್ದೆ. ಆ ಬಾಣದಲ್ಲಿ ಏನೆಲ್ಲ ಅಡಗಿದೆ ಅಂತ ಆಗ ಯೋಚಿಸಿರಲಿಲ್ಲ. ಕೆಲಸ ಶುರು ಮಾಡುವುದು, ನಡುವೆ ಬೇರೆ ಕಡೆ ಓಡುವ ಮನಸ್ಸನ್ನು ತಡೆಯುವುದು, ಮುಗಿಯುವ ತನಕ ವಿಷಯವನ್ನು ತಲೆಯಲ್ಲಿ ಹಿಡಿದುಕೊಳ್ಳುವುದು, ಹೊತ್ತಿನ ಅಂದಾಜು. ಅದೂ ಆ ಮುಂಭಾಗ ಒಂದೇ ಮಾಡುವ ಕೆಲಸ ಅಲ್ಲ. ಒಳಗೆ ಆಳದಲ್ಲಿರುವ ಕಾಡೇಟ್, ಪುಟಾಮೆನ್ ಅನ್ನುವ ಭಾಗಗಳು, ಹಿಂದಿನ ಕಿರುಮೆದುಳು, ಇವುಗಳ ಜೊತೆ ಅದಕ್ಕೆ ಸದಾ ಕೊಡುಕೊಳ್ಳುವಿಕೆ ಇರುತ್ತದೆ.

ಫಿನಿಯಾಸ್ ಗೇಜ್ ಕತೆಯನ್ನು ಪ್ರತಿ ವರ್ಷ ಹೇಳುತ್ತಿದ್ದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಆರು ಕೆಜಿಯ ಕಬ್ಬಿಣದ ಸರಳು ಅವನ ತಲೆಯನ್ನೇ ತೂರಿಕೊಂಡು ಹೋಯಿತು. ಮೆದುಳಿನ ಮುಂಭಾಗ ಹಾಳಾಯಿತು. ಜೀವ ಉಳಿಯಿತು, ಆದರೆ ಮನುಷ್ಯ ಮೊದಲಿನಂತೆ ಇರಲಿಲ್ಲ. ಅಲ್ಲಿಗೆ ಪಾಠ ಮುಗಿಸುತ್ತಿದ್ದೆ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ, ವರ್ಷಗಟ್ಟಲೆ ಜನರನ್ನು ಕೂರಿಸಿಕೊಂಡು ಕುದುರೆ ಗಾಡಿ ಓಡಿಸಿದ್ದನ್ನು ನಾನು ಒಂದು ಸಲವೂ ಹೇಳಲಿಲ್ಲ. ಎಷ್ಟು ಮಕ್ಕಳು ನನ್ನ ಕ್ಲಾಸಿನಿಂದ 'ಮುಂಭಾಗ ಕೆಟ್ಟರೆ ಅಷ್ಟೇ' ಅಂದುಕೊಂಡು ಎದ್ದು ಹೋದರೋ ಏನೋ. ನೀನು ಬರೆದ ಮೇಲೆ ಇದು ತುಂಬಾ ಚುಚ್ಚುತ್ತಿದೆ.

ಒಂದು ಮಾತು ಕೇಳುತ್ತೇನೆ. ನಿನ್ನ ಮೆದುಳಿನ ಸ್ಕ್ಯಾನ್ ಯಾರೂ ಮಾಡಿಲ್ಲ, ಅಲ್ವಾ? ಡಾಕ್ಟರು ನಿನ್ನ ಮಾತು ಕೇಳಿ, ಚಿಕ್ಕಂದಿನ ವಿಚಾರವನ್ನು ಅಮ್ಮನ ಹತ್ತಿರ ಕೇಳಿ ಹೇಳಿದ್ದು. ಸ್ಕ್ಯಾನ್ ನೋಡಿ ಇವರಿಗೆ ಎಡಿಎಚ್‌ಡಿ ಇದೆ, ಇವರಿಗೆ ಇಲ್ಲ ಅಂತ ಹೇಳಲು ಆಗುವುದಿಲ್ಲ. ಹಾಗಿದ್ದ ಮೇಲೆ ನಿನ್ನ ಮೆದುಳಿನ ಕಟ್ಟೋಣ ನೋಡಿದವರು ಯಾರು?

ಎಡಿಎಚ್‌ಡಿ ಇರುವವರ ಮೆದುಳಿನಲ್ಲಿ ವ್ಯತ್ಯಾಸ ಇದೆ ಅಂತ ನೀನು ಓದಿದ್ದು ಸುಳ್ಳಲ್ಲ. 2017ರಲ್ಲಿ ಎಡಿಎಚ್‌ಡಿ ಇರುವ 1,713 ಜನರ ಸ್ಕ್ಯಾನ್‌ಗಳನ್ನು ಇಲ್ಲದವರ ಸ್ಕ್ಯಾನ್ ಜೊತೆ ಹೋಲಿಸಿದರು. ಒಳಗಿನ ಕೆಲವು ಭಾಗಗಳು ಸರಾಸರಿಯಲ್ಲಿ ಸ್ವಲ್ಪ ಚಿಕ್ಕದಿದ್ದವು. ಸ್ವಲ್ಪ ಅಂದರೆ ಬಹಳ ಸ್ವಲ್ಪ. ಅದೂ ಮಕ್ಕಳಲ್ಲಿ ಕಂಡಷ್ಟು ದೊಡ್ಡವರಲ್ಲಿ ಕಾಣಲಿಲ್ಲ. ನಮ್ಮ ತೋಟದ್ದೂ ಪಕ್ಕದ ತೋಟದ್ದೂ ಸಾವಿರ ಸಾವಿರ ಅಡಿಕೆ ತೂಗಿದರೆ ಸರಾಸರಿಯಲ್ಲಿ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಹಾಗಂತ ಒಂದು ಅಡಿಕೆ ಕೈಗೆ ಕೊಟ್ಟರೆ ಯಾವ ತೋಟದ್ದು ಅಂತ ಹೇಳಬಹುದಾ? ನೀನು ಆ ಒಂದು ಅಡಿಕೆ, ಪುಟ್ಟಿ.

ಅದಕ್ಕೂ ಮೊದಲು, 2007ರಲ್ಲಿ ಇನ್ನೊಂದು ವಿಷಯ ಗೊತ್ತಾಗಿತ್ತು. ಮೆದುಳಿನ ಹೊರಪದರ ಮಕ್ಕಳಲ್ಲಿ ದಪ್ಪವಾಗುತ್ತಾ ಹೋಗಿ ಒಂದು ವಯಸ್ಸಿಗೆ ತುದಿ ಮುಟ್ಟುತ್ತದೆ. ಉಳಿದ ಮಕ್ಕಳಲ್ಲಿ ಅದು ಹೆಚ್ಚುಕಮ್ಮಿ ಏಳೂವರೆ ವರ್ಷಕ್ಕೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ. ಹೆಚ್ಚು ತಡ ಕಂಡಿದ್ದು ಹಣೆಯ ಹಿಂದಿನ ಭಾಗದಲ್ಲೇ. ತಡ ಅಂದರು, ಇಲ್ಲ ಅನ್ನಲಿಲ್ಲ. ಆ ಭಾಗ ಇಪ್ಪತ್ತೈದರ ಹತ್ತಿರದವರೆಗೂ ಬಲಿಯುತ್ತಲೇ ಇರುತ್ತದೆ. ನಿನಗಿನ್ನೂ ಇಪ್ಪತ್ತು. ಎಲ್ಲರಿಗೂ ಪೂರ್ತಿ ಸರಿಹೋಗುತ್ತದೆ ಅಂತ ನಾನು ಸುಳ್ಳು ಹೇಳಲಾರೆ. ದೊಡ್ಡವರಾದ ಮೇಲೂ ಕಷ್ಟಪಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಷ್ಟ ಇರುವುದು ಬೇರೆ, 'ಅಷ್ಟೇ' ಅನ್ನುವುದು ಬೇರೆ.

ಇಷ್ಟು ಯಾಕೆ ಹಟ ಹಿಡಿದು ಬರೆಯುತ್ತಿದ್ದೇನೆ ಅಂದರೆ, ಆ ಮಾತನ್ನು ನಾನು ಮೊದಲೂ ಒಮ್ಮೆ ಕೇಳಿದ್ದೆ. ನಿನ್ನ ಸಣ್ಣ ಮಾವನ ಬಾಯಲ್ಲಿ.

ಅವನಿಗೆ ಆಗ ಹನ್ನೊಂದು ವರ್ಷ. ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಅಡಿಕೆ ಬೇಯಿಸುವ ಹಂಡೆ ನೋಡಿಕೋ ಅಂತ ಅವನನ್ನು ಕೂರಿಸಿದ್ದರು. ನಾನು ಹೋಗಿ ನೋಡಿದರೆ ಚೊಗರು ಉಕ್ಕಿ ಒಲೆಯೇ ಆರಿಹೋಗಿತ್ತು. ಇವನು ತೋಟದ ಕಾಲುವೆಗೆ ಕಲ್ಲು ಜೋಡಿಸಿ, ಅಡಿಕೆ ಹಾಳೆಯ ಚಕ್ರ ಮಾಡಿ ನೀರಿಗೆ ತಿರುಗಿಸುತ್ತಿದ್ದ. ಕೆನ್ನೆಗೆ ಬಿಗಿದೆ. "ನಿನ್ನ ತಲೆಯಲ್ಲಿ ಇರೋದು ಮೆದುಳಲ್ಲ, ಅಡಿಕೆ ಸಿಪ್ಪೆ" ಅಂದೆ. ಅವನು ಅಳಲಿಲ್ಲ. "ಹೌದು ಅಕ್ಕ, ನನ್ನ ತಲೆಯೇ ಹಾಗೆ" ಅಂದ. ಚಕ್ರ ಇನ್ನೂ ತಿರುಗುತ್ತಿತ್ತು.

ಆಮೇಲೆ ಅವನ ಓದು ಏನಾಯಿತು ಅನ್ನುವುದು ನಿನಗೆ ಗೊತ್ತೇ ಇದೆ.

ಅದೇ ಹುಡುಗ ರಾತ್ರಿ ಅಡಿಕೆ ಸುಲಿಯಲು ಕೂತರೆ ನೋಡಬೇಕಿತ್ತು. ಸುತ್ತ ಎಂಟು ಹತ್ತು ಜನ, ಯಾರದೋ ಕತೆ, ನಗು. ಮೆಟ್ಟುಗತ್ತಿಯ ಮೇಲೆ ಅವನ ಕೈ ಒಂದು ಗಂಟೆ ರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ. ಅವನ ಡಬ್ಬ ಎಲ್ಲರಿಗಿಂತ ಮೊದಲು ತುಂಬುತ್ತಿತ್ತು. ಒಬ್ಬನೇ ಕೂತು ಹತ್ತು ನಿಮಿಷ ಲೆಕ್ಕ ಮಾಡಲಾಗದವನು, ಜನ ಸುತ್ತ ಇದ್ದರೆ ಹೇಗೆ ಕೂರುತ್ತಾನೆ ಅಂತ ನಾನು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಕಣ್ಣೆದುರೇ ಇತ್ತು. ಸುಮ್ನೆ ಸೋಮಾರಿ ಅಂದೆವು ಎಲ್ಲರೂ.

ಅದಕ್ಕೇ ಅನ್ನಿಸಿತು, ನೀನೂ ರೂಮಲ್ಲಿ ಬಾಗಿಲು ಹಾಕಿಕೊಂಡು ಒಬ್ಬಳೇ ಓದಬೇಡ. ಲೈಬ್ರರಿಗೆ ಹೋಗು, ಇಲ್ಲ ಗೆಳತಿಯ ಎದುರು ಕೂರು. ಅವಳು ಅವಳದ್ದು ಓದಿಕೊಳ್ಳಲಿ. ಇದು ನಿನಗೆ ಆಗುತ್ತದೋ ಇಲ್ಲವೋ, ಹಳ್ಳಿಯಲ್ಲಿ ಕೂತು ಹೇಳುವುದು ಸುಲಭ.

ಮಾತ್ರೆ ಬಗ್ಗೆ ಕೇಳಿದ್ದೀಯ. ಅದರಲ್ಲಿ ಮನೆಯವರ ಮಾತು ಕೇಳಬೇಡ, ನನ್ನದೂ ಸೇರಿ. ಡಾಕ್ಟರ ಹತ್ತಿರವೇ ಮಾತಾಡು, ನಿನ್ನಷ್ಟಕ್ಕೇ ನಿಲ್ಲಿಸಬೇಡ. ಇನ್ನೊಬ್ಬರಿಗೆ ತೋರಿಸಬೇಕು ಅನ್ನಿಸಿದರೆ ನಿಮ್ಹಾನ್ಸ್ ನಿನ್ನ ಊರಲ್ಲೇ ಇದೆ. ಊರಿಗೆ ಬಂದಾಗ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬೇಕಾದರೂ ಹೋಗೋಣ, ನಾನು ಜೊತೆಗೆ ಬರುತ್ತೇನೆ. ರಾತ್ರಿ ತೀರಾ ತಡೆಯಲಾಗದೆ ಹೋದರೆ 14416ಕ್ಕೆ ಫೋನ್ ಮಾಡು, ಅದು ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು. ಎಷ್ಟು ಹೊತ್ತಾದರೂ ಸರಿ.

ಕಟ್ಟೋಣ ಅಂದೆಯಲ್ಲ, ಇನ್ನೂ ಅದೇ ಕಿವಿಯಲ್ಲಿದೆ. 2004ರಲ್ಲಿ ಕೆಲವರಿಗೆ ಮೂರು ಚೆಂಡು ಎಸೆದು ಹಿಡಿಯುವುದನ್ನು ಕಲಿಸಿ, ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿದರು. ಚಲನೆ ಗುರುತಿಸುವ ಭಾಗ ಬೆಳೆದಿತ್ತು. ಆಟ ಬಿಟ್ಟ ಮೇಲೆ ಮತ್ತೆ ಇಳಿಯಿತು. ಅದು ಎಡಿಎಚ್‌ಡಿಯ ವಿಚಾರ ಅಲ್ಲ, ಹಾಗೆ ತಿಳಿಯಬೇಡ. ಆದರೆ ಮೆದುಳು ಕಲ್ಲು ಗಾರೆಯ ಕಟ್ಟೋಣ ಅಲ್ಲ ಅನ್ನುವುದಕ್ಕೆ ಹೇಳಿದೆ.

ಸಂಜೆ ನಿನ್ನ ಸಣ್ಣ ಮಾವ ತೋಟಕ್ಕೆ ಔಷಧಿ ಹೊಡೆಸುವ ಮಾತಾಡಲು ಬಂದಿದ್ದ. ಕಾಗದ ಮೇಜಿನ ಮೇಲೇ ಇತ್ತು. ಅವನಿಗೆ ಓದಿ ಹೇಳಬೇಕು, ಆವತ್ತಿನ ಮಾತಿಗೆ ಕ್ಷಮೆಯನ್ನೂ ಕೇಳಬೇಕು ಅನ್ನಿಸಿತು. ನಿನ್ನನ್ನು ಕೇಳದೆ ಹೇಗೆ ಅಂತ ಸುಮ್ಮನಾದೆ. ನೀನು ಹೂಂ ಅಂದರೆ ಹೇಳುತ್ತೇನೆ. ಒಂದು ಸಾಲು ಬರಿ.

ನಿನ್ನ
ದೊಡ್ಡಮ್ಮ