ಗೋಬರ್ ಗ್ಯಾಸಿನ ಪೈಪು ಮತ್ತು ನನ್ನ ಕೆಲಸ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
ನವೆಂಬರ್ 9

ತೀರ್ಥರೂಪ ಅಪ್ಪಯ್ಯನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಮಳೆ ಮಾತ್ರ ಬಿಡುತ್ತಿಲ್ಲ. ನಮ್ಮ ಶಿರಸಿಯ ಹಾಗೆ ಹೊಯ್ಯುವ ಮಳೆಯಲ್ಲ, ಸುಮ್ನೆ ದಿನವಿಡೀ ಜಿಟಿಜಿಟಿ. ಸೈಕಲ್ಲಿನಲ್ಲಿ ಲ್ಯಾಬ್ ಮುಟ್ಟುವಷ್ಟರಲ್ಲಿ ಮೊಣಕಾಲು ಒದ್ದೆ. ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ ಅಂತ ಆಯಿಗೆ ಹೇಳಿ.

ಹೋದ ವಾರ ಫೋನಿನಲ್ಲಿ ಕೇಳಿದಿರಿ, "ಮಗ ಹೊಗೆಯಿಂದ ಎಣ್ಣೆ ತೆಗೀತಾನಂತೆ, ಹೌದಾ ಅಂತ ಸೊಸೈಟಿಯಲ್ಲಿ ಕೇಳ್ತಾರೆ, ಏನು ಹೇಳಲಿ?" ಅಂತ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಬರೆದೇ ಹೇಳೋಣ ಅಂತ ಕೂತಿದ್ದೇನೆ.

ನಮ್ಮ ಗೋಬರ್ ಗ್ಯಾಸಿನ ಒಲೆ ಮಳೆಗಾಲದಲ್ಲಿ ಭುಕ್ ಭುಕ್ ಅನ್ನುತ್ತಿತ್ತಲ್ಲ? ಪೈಪಿನ ತಗ್ಗಿನಲ್ಲಿ ನೀರು ನಿಂತು ಗ್ಯಾಸ್ ಬರುತ್ತಿರಲಿಲ್ಲ. ನೀವು ಕೊಟ್ಟಿಗೆ ಹಿಂದೆ ಹೋಗಿ, ನಲ್ಲಿ ತಿರುಗಿಸಿ ನೀರು ಬಿಟ್ಟು ಬಂದ ಮೇಲೇ ಆಯಿಯ ದೋಸೆ ಏಳುತ್ತಿತ್ತು. ಇಷ್ಟು ವರ್ಷ ಓದಿ ನಾನು ಮಾಡುತ್ತಿರುವುದೂ ಅದೇ, ನೀರು ಬಿಡುವ ಕೆಲಸ.

ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡಿಗೆ ಹೈಡ್ರೋಜನ್ ಸೇರಿಸಿ, ಸುಮಾರು 250 ಡಿಗ್ರಿ ಬಿಸಿಯಲ್ಲಿ, ಭಾರೀ ಒತ್ತಡದಲ್ಲಿ, ತಾಮ್ರ ಮತ್ತು ಸತು ಇರುವ ಕಾಳುಗಳ ಮೇಲೆ ಹಾಯಿಸಿದರೆ ಮೆಥನಾಲ್ ಅನ್ನುವ, ಸ್ಪಿರಿಟ್ಟಿನ ಹಾಗೆ ಉರಿಯುವ ದ್ರವ ಆಗುತ್ತದೆ. (ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತದಲ್ಲಿ ಇರುವುದೂ ಇದೇ ತಾಮ್ರ.) ಆದರೆ ಒಂದು ಅಣು ಮೆಥನಾಲ್ ಆದರೆ ಜೊತೆಗೆ ಒಂದು ಅಣು ನೀರೂ ಆಗುತ್ತದೆ. ನೀರು ಜಾಸ್ತಿಯಾದ ಹಾಗೆ ಕೆಲಸ ಹಿಂದಕ್ಕೂ ನಡೆಯಲು ಶುರು, ಆದ ಮೆಥನಾಲ್ ಮತ್ತೆ ಒಡೆದು ಗ್ಯಾಸ್ ಆಗುತ್ತದೆ. ಹೀಗಾಗಿ ಒಂದು ಸಲಕ್ಕೆ ಬದಲಾಗುವುದು ಹೆಚ್ಚುಕಡಿಮೆ ಕಾಲು ಭಾಗ. ಒಳಗಿದ್ದಾಗಲೇ ನೀರನ್ನು ಹೊರಗೆ ಹಾಕಿದರೆ ಕೆಲಸ ಮುಂದಕ್ಕೇ ಸಾಗುತ್ತದೆ. ಆ ನೀರು ಬಿಡುವ ಪೊರೆ ಇರುವ ಪಾತ್ರೆಗೇ ಮೆಂಬ್ರೇನ್ ರಿಯಾಕ್ಟರ್ ಅನ್ನುವುದು.

ನಮ್ಮ ಪೊರೆ ಜಿಯೋಲೈಟ್ ಅನ್ನುವ ಹರಳಿನದು. ಬೆರಳು ಗಾತ್ರದ ಪಿಂಗಾಣಿ ಕೊಳವೆಯ ಮೇಲೆ ಬೆಳೆಸಬೇಕು. ಹಾಲಿಗೆ ಹೆಪ್ಪು ಹಾಕುವ ಹಾಗೆ, ಮೊದಲು ಸಣ್ಣ ಹರಳು ಸವರಿ, ಆಮೇಲೆ ದ್ರಾವಣದಲ್ಲಿ ಮುಳುಗಿಸಿ ಬಿಸಿಯಲ್ಲಿಡುತ್ತೇವೆ. ಬರೀ ಜರಡಿ ಅಂದುಕೊಂಡರೆ ತಪ್ಪು. ನೀರಿನ ಅಣುವೂ ಹೈಡ್ರೋಜನ್ ಅಣುವೂ ಗಾತ್ರದಲ್ಲಿ ಹತ್ತಿರ ಹತ್ತಿರ, ಜರಡಿ ಹಿಡಿದರೆ ಎರಡೂ ಸೋರುತ್ತವೆ. ಆದರೆ ಈ ಹರಳಿನ ತೂತುಗಳಲ್ಲಿ ಸೋಡಿಯಂ ಇದೆ, ಅದಕ್ಕೆ ನೀರೆಂದರೆ ಪ್ರೀತಿ. ನೀರು ತೂತು ತುಂಬಿಕೊಂಡು ಹೈಡ್ರೋಜನ್ನಿಗೆ ದಾರಿ ಬಿಡುವುದಿಲ್ಲ. 2020ರಲ್ಲಿ ಅಮೆರಿಕದ ಒಂದು ತಂಡ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ತೋರಿಸಿತು. ಅದನ್ನು ಓದಿಯೇ ನನಗೆ ಈ ಹುಚ್ಚು ಹಿಡಿದದ್ದು.

ಹುಚ್ಚಿಗೆ ದಂಡ ಮೊನ್ನೆ ಕಟ್ಟಿದೆ. ಕೊಳವೆಯನ್ನು ಸ್ಟೀಲ್ ಕವಚಕ್ಕೆ ಕೂರಿಸುವಾಗ ಗ್ರಾಫೈಟ್ ಸೀಲಿನ ನಟ್ಟನ್ನು ಅರ್ಧ ಸುತ್ತು ಜಾಸ್ತಿ ತಿರುಗಿಸಿದೆ. ಟಿಕ್ ಅಂತು. ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಲ್ಲಿ ಮುಳುಗಿಸುತ್ತಾರಲ್ಲ, ಹಾಗೇ ನೈಟ್ರೋಜನ್ ತುಂಬಿಸಿ ಮುಳುಗಿಸಿ ನೋಡಿದೆ. ಕಂಠದ ಹತ್ತಿರ ಗುಳ್ಳೆಗಳ ಸಾಲು. ಮೂರು ವಾರದ ಕೆಲಸ ಹೋಯಿತು, ತಪ್ಪು ನನ್ನದೇ. ಆಯಿಗೆ ಇದು ಬೇಡ.

ಇನ್ನು ಲೆಕ್ಕ, ನೀವು ಅದನ್ನು ಕೇಳದೆ ಬಿಡುವವರಲ್ಲ. ಒಂದು ಕೆಜಿ ಮೆಥನಾಲಿಗೆ ಸುಮಾರು 1.4 ಕೆಜಿ ಕಾರ್ಬನ್ ಡೈಆಕ್ಸೈಡ್ ಮತ್ತು 190 ಗ್ರಾಂ ಹೈಡ್ರೋಜನ್ ಬೇಕು. ಕರೆಂಟಿನಿಂದ ನೀರು ಒಡೆದು ಅಷ್ಟು ಹೈಡ್ರೋಜನ್ ತೆಗೆಯಲು ಹತ್ತು ಯೂನಿಟ್ ಹತ್ತಿರ ಖರ್ಚು. ಆ ಮೆಥನಾಲ್ ಸುಟ್ಟರೆ ಸಿಗುವುದು ಐದೂವರೆ ಯೂನಿಟ್ ಶಾಖ. "ಹತ್ತು ಹಾಕಿ ಐದೂವರೆ ತೆಗೆಯೋದಾ?" ಅಂತೀರಿ, ಗೊತ್ತು. ನನ್ನ ಪೊರೆ ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಕರೆಂಟಿನಲ್ಲೇ ಓಡುವ ಸ್ಕೂಟರಿಗೆ ಇದು ದಂಡ. ಸಮುದ್ರ ದಾಟುವ ಹಡಗಿಗೆ ಬ್ಯಾಟರಿ ಸಾಲದು, ಅಲ್ಲಿ ಇದಕ್ಕೆ ಬೆಲೆ ಇದೆ. 2023ರಲ್ಲಿ ಮೇರ್ಸ್ಕ್ ಕಂಪನಿಯ, ಮೆಥನಾಲಿನಲ್ಲಿ ಓಡಬಲ್ಲ ಹಡಗು ನೀರಿಗಿಳಿದಿದೆ. ಐಸ್‌ಲ್ಯಾಂಡಿನ ಸ್ವಾರ್ತ್ಸೆಂಗಿಯಲ್ಲಿ ಭೂಮಿಯ ಬಿಸಿಯಿಂದ ಕರೆಂಟ್ ಮಾಡುವ ಸ್ಥಾವರದ ಗ್ಯಾಸನ್ನೇ ಹಿಡಿದು 2012ರಲ್ಲೇ ಮೆಥನಾಲ್ ಮಾಡುತ್ತಿದ್ದರು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಸಂಸ್ಥೆಯಲ್ಲೂ ಈ ಕೆಲಸ ನಡೆದಿದೆ. ಹಾಗಾಗಿ ಸೊಸೈಟಿಯಲ್ಲಿ "ಎಣ್ಣೆ" ಅನ್ನಬೇಡಿ, "ಹಡಗಿನ ಸ್ಪಿರಿಟ್" ಅನ್ನಿ. ಕುಡಿದರೆ ಕಣ್ಣು ಹೋಗುತ್ತದೆ ಅಂತಲೂ ಸೇರಿಸಿ. ಇಲ್ಲದಿದ್ದರೆ ಸುಬ್ಬಣ್ಣ ಮಾವ ಒಂದು ಬಾಟಲಿ ತಾ ಅಂತಾನೆ.

ಕೊಯ್ಲಿಗೆ ಜನ ಸಿಕ್ಕರಾ? ಯಾರಾದರೂ ಈ ಕಡೆ ಬರುವವರಿದ್ದರೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿ, ಆದರೆ ಡಬ್ಬಿಯ ಮುಚ್ಚಳ ನೀವೇ ಬಿಗಿ ಮಾಡಿ. ನನ್ನ ಕೈಯ ಅಳತೆ ನಿಮಗೆ ಗೊತ್ತಾಯಿತಲ್ಲ. ಹೊಸ ಕೊಳವೆ ನಾಳೆ ಒಲೆಗೆ ಹೋಗುತ್ತದೆ.

ಇತಿ,
ನಿಮ್ಮ ಮಗ